ತಿಳಿನೀಲಿ ಬಂದರಷ್ಟೇ ಸಾಲದು

ಅಡಿಕೆ ಬೆಳೆಗಾರರಿಗೆ ಮೈಲುತುತ್ತವೂ ಸುಣ್ಣವೂ ಹೊಸವಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ಅದರ ವಿವರ ಪ್ರಕಟಿಸಿದರು. ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಿಗೆ ಬಂದದ್ದು ಆ ಕಾಲದಲ್ಲಿ. ಇಂದಿಗೂ ಮಳೆಗಾಲ ಬಂತೆಂದರೆ ಒಂದು ದೂರು ಕೇಳಿಬರುತ್ತದೆ: ಮದ್ದು ಹೊಡೆದರೂ ಕಾಯಿ ಉದುರಿತು, ಎಳೆಗಾಯಿ ಸುಟ್ಟಿತು. ದೂರೆಲ್ಲ ಮದ್ದಿನ ಮೇಲೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಅದನ್ನು ಬೆರೆಸಿದ ಬಗೆಯನ್ನು.

ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಸುಣ್ಣ ಸರಿಯಾಗಿದ್ದರೆ ತುತ್ತದ ಗಾಢ ನೀಲಿ ಹೋಗಿ ಆಕಾಶದ ತಿಳಿನೀಲಿ ಬರುತ್ತದೆ. ಕರಗಿದ್ದ ತಾಮ್ರ ನುಣ್ಣನೆಯ ಕಣಗಳಾಗಿ ತೇಲುವುದೇ ಈ ಬದಲಾವಣೆ. ಕಾಯಿಗೆ ಅಂಟಿ ರಕ್ಷಿಸುವುದು ಈ ಕಣಗಳೇ. ಗಾಳಿಗೆ ಬಿದ್ದು ಸತ್ತುಹೋದ ಹಳೆಯ ಸುಣ್ಣವಾದರೆ ಬಣ್ಣ ಹಸಿರಿಗೆ ತಿರುಗುತ್ತದೆ. ತಾಮ್ರ ಕರಗಿದಂತೆಯೇ ಉಳಿದು ಎಳೆಯ ಅಂಗಗಳನ್ನು ಸುಡುತ್ತದೆ. ಅರಳಿಸಿದ ಸುಣ್ಣ ಆರುವ ಮುಂಚೆ ಬೆರೆಸಿದರೆ ಬಿಸಿಗೆ ನೀಲಿ ಕಪ್ಪಾಗುತ್ತದೆ. ಅಂಥದ್ದನ್ನು ಹೊಡೆಯಬಾರದು.

ಆದರೆ ಕಣ್ಣೊಂದನ್ನೇ ನಂಬುವುದನ್ನು ನಾನು ಒಪ್ಪಲಾರೆ. ಮೋಡದ ಬೆಳಕಿನಲ್ಲಿ ನೀಲಿಯೂ ಹಸಿರೂ ಒಂದೇ. ಉಜ್ಜಿ ಹೊಳಪು ತಂದ ಚಾಕುವನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗು ಕೆಂಪಗಾದರೆ ಕಬ್ಬಿಣ ಕರಗಿ ತಾಮ್ರ ಅಲ್ಲಿ ಕೂತಿದೆ ಎಂದರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ, ಮತ್ತೆ ಅದ್ದಿ ನೋಡಿ. ಕಬ್ಬಿಣದ ಬಕೆಟ್ಟಿನಲ್ಲಿ ತುತ್ತ ಕರಗಿಸಬಾರದೆನ್ನುವುದೂ ಇದಕ್ಕಾಗಿಯೇ. ಪ್ಲಾಸ್ಟಿಕ್ ಡ್ರಮ್ಮಾಗಲಿ ಮಣ್ಣಿನ ಬಾನಿಯಾಗಲಿ ಆದೀತು.

ಹರಳಿನ ಮೇಲೆ ಬಿಳಿ ಪುಡಿ ಕಂಡೊಡನೆ ತುತ್ತ ಕೆಟ್ಟಿತೆಂದು ಎಸೆಯುವವರಿದ್ದಾರೆ. ಹರಳಿನೊಳಗಿನ ನೀರು ಆರಿದರೆ ನೀಲಿ ಬಿಳಿಯಾಗುತ್ತದೆ, ನೀರು ಸೋಕಿದರೆ ನೀಲಿ ಮರಳುತ್ತದೆ. ಅಂಜಬೇಕಾದದ್ದು ಹಸಿರು ಹರಳಿಗೆ. ಅದು ಬೆರಕೆಯ ಅನ್ನಭೇದಿಯಾಗಿರಬಹುದು. ತುತ್ತದ ನೀರಿಗೆ ಅಮೋನಿಯ ಹೆಚ್ಚಾಗಿ ಹಾಕಿದರೆ ತಾಮ್ರ ಕಡುನೀಲಿಯಾಗಿ ತಿಳಿಯುತ್ತದೆ, ಕಬ್ಬಿಣ ಕೊಳಕು ಹಸಿರು ಇಲ್ಲವೆ ಕಂದು ಗಷ್ಟಾಗಿ ತಳದಲ್ಲುಳಿಯುತ್ತದೆ. ಈ ಪರೀಕ್ಷೆಯನ್ನು ಮಾರುವ ಸಹಕಾರ ಸಂಘಗಳೇ ರೈತರೆದುರು ಮಾಡಿ ತೋರಿಸಬೇಕು. ಒಂದು ಬಾಟಲಿ ಅಮೋನಿಯಕ್ಕೆ ಆಗುವ ಖರ್ಚೆಷ್ಟು?

ಬೆರೆಸಿದ್ದನ್ನು ಅಂದೇ ಮುಗಿಸಬೇಕು. ಮರುದಿನಕ್ಕೆ ಕಣಗಳು ದಪ್ಪವಾಗಿ ತಳ ಸೇರುತ್ತವೆ, ಅಂಟುವ ಗುಣ ಹೋಗುತ್ತದೆ. ಕೊನೆಗಾರ ಸಿಗುವುದೇ ಕಷ್ಟವಾಗಿರುವಾಗ ಅವನು ಬಂದು ನಿಂತ ಮೇಲೆ ಬೆರೆಸುವ ಅವಸರ ಬೇಡ. ತುತ್ತವನ್ನೂ ಸುಣ್ಣವನ್ನೂ ಹಿಂದಿನ ರಾತ್ರಿಯೇ ಬೇರೆಬೇರೆ ನೆನೆಹಾಕಿಟ್ಟು, ಬೆಳಿಗ್ಗೆ ಬೆರೆಸಿ, ಅವನು ಮರ ಹತ್ತುವ ಮುಂಚೆ ಯಜಮಾನನೇ ಚಾಕು ಅದ್ದಿ ನೋಡಲಿ.