ತೀರ್ಥಕಾಕ

ಪಾಣಿನಿಯ ಅಷ್ಟಾಧ್ಯಾಯಿಯ ಎರಡನೆಯ ಅಧ್ಯಾಯದಲ್ಲಿ, ಸಮಾಸಗಳನ್ನು ವಿಧಿಸುವ ಪ್ರಕರಣದೊಳಗೆ, ಕಾಗೆಯ ಹೆಸರನ್ನು ಕೂಡಿಸಿಕೊಂಡು ನಿಂದೆಯ ಅರ್ಥವನ್ನು ಕೊಡುವ ಪದಗಳಿಗಾಗಿಯೇ ಒಂದು ಸೂತ್ರವುಂಟು. ಅದಕ್ಕೆ ಉದಾಹರಣೆಯಾಗಿ ಬರುವ ಪದ ‘ತೀರ್ಥಕಾಕ’. ಮಹಾಭಾಷ್ಯಕಾರನಾದ ಪತಂಜಲಿಯು ಇದನ್ನು ಬಿಡಿಸಿ ಹೇಳುವಾಗ, ತೀರ್ಥದಲ್ಲಿ ಕಾಗೆಯು ಹೇಗೆ ಬಹುಕಾಲ ನಿಲ್ಲದೋ ಹಾಗೆಯೇ ಗುರುಕುಲಕ್ಕೆ ಹೋಗಿ ಅಲ್ಲಿ ಬಹುಕಾಲ ನಿಲ್ಲದ ಶಿಷ್ಯನಿಗೆ ಈ ಹೆಸರು ಸಲ್ಲುವುದೆಂದು ತಿಳಿಸಿರುವನು. ಒಬ್ಬ ಗುರುವನ್ನು ಬಿಟ್ಟು ಇನ್ನೊಬ್ಬನ ಬಳಿಗೆ ಹಾರುವ ಹುಡುಗರು ಎರಡು ಸಾವಿರ ವರ್ಷಗಳ ಹಿಂದೆಯೇ ಬೈಗುಳಕ್ಕೆ ಪ್ರತ್ಯೇಕವಾದ ಒಂದು ಪದ ಬೇಕಾಗುವಷ್ಟು ಮಂದಿ ಇದ್ದರೆಂಬುದು ಇದರಿಂದ ಸ್ಪಷ್ಟವಾಗುವುದು. ಉಪಾಧ್ಯಾಯವೃತ್ತಿಯಲ್ಲಿ ತಲೆ ನರೆತವರಿಗೆ ಇದೊಂದು ಸಮಾಧಾನದ ಸಂಗತಿಯೇ ಸರಿ.

ಈ ಪದವು ಈಚೆಗೆ ನನಗೆ ಪದೇ ಪದೇ ನೆನಪಿಗೆ ಬರುತ್ತಿರುವುದಕ್ಕೆ ಕಾರಣ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ವಿದ್ಯಾರ್ಥಿಗಳ ವೃತ್ತಾಂತ. ನಮ್ಮ ಮಕ್ಕಳು ಶಾಲೆಯ ಅಂಗಳದಲ್ಲಿ ಕಬ್ಬಿಣದ ಬಳೆಯೊಳಕ್ಕೆ ಚೆಂಡನ್ನು ಎಸೆದಾಡಿ, ಸಂಜೆ ಕೊಳೆಯಾದ ಬಟ್ಟೆಗಳನ್ನು ತಾಯಂದಿರಿಗೆ ಒಪ್ಪಿಸುವರಲ್ಲವೆ, ಆ ಆಟವೇ ಇದು. 1891ನೆಯ ಇಸವಿಯ ಡಿಸೆಂಬರಿನಲ್ಲಿ ಮಸಾಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮಶಿಕ್ಷಕನು, ಚಳಿಯ ದೆಸೆಯಿಂದ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆಸಿ, ಹದಿಮೂರು ನಿಯಮಗಳನ್ನು ಬರೆದು ಇದನ್ನು ಕಲ್ಪಿಸಿದನು. ಆತನೇ ಮುಂದೆ ಕಾನ್ಸಾಸ್ ವಿಶ್ವವಿದ್ಯಾನಿಲಯದ ತಂಡಕ್ಕೆ ಮೊದಲ ತರಬೇತುದಾರನಾಗಿ 55 ಪಂದ್ಯಗಳನ್ನು ಗೆದ್ದು 60ನ್ನು ಸೋತನು. ಆಟವನ್ನು ಹುಟ್ಟಿಸಿದವನಿಗೆ ಗೆಲುವಿಗಿಂತ ಸೋಲೇ ಹೆಚ್ಚಾಯಿತೆಂದು ಯಾರೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಅಂಥ ಕಾಲವೂ ಒಂದಿತ್ತು.

ಆ ದೇಶದ ಕಾಲೇಜು ಆಟಗಳನ್ನು ಆಳುವುದು ಎನ್.ಸಿ.ಎ.ಎ. ಎಂಬ ಸಂಘ, 1906ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿದ್ದು. ಆಟಗಾರನಿಗೆ ಶುಲ್ಕ, ಊಟ, ವಸತಿ, ಪುಸ್ತಕಗಳು ದೊರೆಯಬಹುದು, ಕೈಗೆ ಹಣ ಮಾತ್ರ ಸೇರಕೂಡದು ಎಂಬುದು ಇದರ ಬಹುಕಾಲದ ಕಟ್ಟಳೆ. 1951ರಿಂದ 1987ರವರೆಗೆ ಇದರ ಮುಖ್ಯಾಧಿಕಾರಿಯಾಗಿದ್ದ ವಾಲ್ಟರ್ ಬೈಯರ್ಸ್ ಎಂಬಾತನು ‘ವಿದ್ಯಾರ್ಥಿ-ಕ್ರೀಡಾಳು’ ಎಂಬ ಸಮಸ್ತಪದವೊಂದನ್ನು ಚಲಾವಣೆಗೆ ತಂದನು. ಆಟದಲ್ಲಿ ಗಾಯಗೊಂಡ ಹುಡುಗನು ತಾನೂ ಕಾಲೇಜಿನ ಕೆಲಸಗಾರನೇ ಎಂದು ಪರಿಹಾರಧನವನ್ನು ಕೇಳುವುದಕ್ಕೆ ಅವಕಾಶವಾಗದಂತೆ ಈ ಪದವನ್ನು ಹೊಸೆಯಲಾಯಿತೆಂದು ಆತನೇ ನಿವೃತ್ತನಾದ ಮೇಲೆ ಬರೆದಿರುವನು. ವ್ಯಾಕರಣವನ್ನು ಓದಿದವರು ಇಲ್ಲಿ ಒಂದು ಪ್ರಶ್ನೆಯನ್ನು ಕೇಳದಿರಲಾರರು: ಇದು ದ್ವಂದ್ವಸಮಾಸವೋ ಕರ್ಮಧಾರಯವೋ? ದ್ವಂದ್ವವಾದರೆ ಎರಡು ಪದಗಳಿಗೂ ಸಮನಾದ ಗೌರವವಿರಬೇಕು; ಕರ್ಮಧಾರಯವಾದರೆ ಉತ್ತರಪದದ್ದೇ ಪ್ರಾಧಾನ್ಯ, ವಿದ್ಯಾರ್ಥಿ ಎಂಬುದು ಬರಿಯ ವಿಶೇಷಣ. ಸಂಘದವರು ಬಾಯಿಯಲ್ಲಿ ದ್ವಂದ್ವವೆಂದೂ ಲೆಕ್ಕದ ಪುಸ್ತಕದಲ್ಲಿ ಕರ್ಮಧಾರಯವೆಂದೂ ನಡೆಸಿಕೊಂಡು ಬಂದರೆಂದೇ ನನ್ನ ಅಭಿಪ್ರಾಯ. ಏಕೆಂದರೆ ಮಾರ್ಚ್ ತಿಂಗಳಿನ ಅವರ ಪಂದ್ಯಾವಳಿಯನ್ನು ದೂರದರ್ಶನದಲ್ಲಿ ತೋರಿಸುವ ಹಕ್ಕನ್ನು 2032ರವರೆಗೆ ವಿಸ್ತರಿಸಿ 2016ರಲ್ಲಿ ಮಾಡಿಕೊಂಡ ಎಂಟು ವರ್ಷಗಳ ಕರಾರಿನ ಮೊತ್ತವೇ 880 ಕೋಟಿ ಡಾಲರು. ಅನೇಕ ಸಂಸ್ಥಾನಗಳಲ್ಲಿ ಸರಕಾರದ ಖಜಾನೆಯ ನೌಕರರೊಳಗೆ ಅತ್ಯಧಿಕ ಸಂಬಳವನ್ನು ಪಡೆಯುವವನು ರಾಜ್ಯಪಾಲನಲ್ಲ, ನ್ಯಾಯಾಧೀಶನಲ್ಲ, ಕಾಲೇಜಿನ ಆಟದ ತರಬೇತುದಾರನು. ಪಾಠ ಹೇಳುವ ನಮ್ಮಂಥವರ ಮಾತಂತೂ ಅಲ್ಲಿ ಬರುವುದೇ ಇಲ್ಲ.

ಇಷ್ಟು ಹಣ ಸುತ್ತಲೂ ಹರಿಯುತ್ತಿರುವಾಗ ನೀರಿನ ನಡುವೆ ನಿಂತವನೊಬ್ಬನೇ ಬಾಯಾರಿರಬೇಕೆಂಬುದು ಎಷ್ಟು ದಿನ ನಡೆದೀತು? 1995ರಲ್ಲಿ ಕ್ಯಾಲಿಫೋರ್ನಿಯಾದ ಯು.ಸಿ.ಎಲ್.ಎ. ತಂಡವನ್ನು ಗೆಲ್ಲಿಸಿದ ಎಡ್ ಓಬ್ಯಾನನ್ ಎಂಬವನು, ವರ್ಷಗಳು ಕಳೆದ ಬಳಿಕ, ಮಕ್ಕಳಾಡುವ ವಿಡಿಯೋ ಆಟವೊಂದರಲ್ಲಿ ತನ್ನನ್ನೇ ಹೋಲುವ ಬೊಂಬೆಯೊಂದು ಓಡಾಡುವುದನ್ನು ಕಂಡನು. ಅದರಿಂದ ಅವನಿಗೆ ಒಂದು ಕಾಸೂ ಬಂದಿರಲಿಲ್ಲ. 2009ರಲ್ಲಿ ಆತ ಹೂಡಿದ ಮೊಕದ್ದಮೆಯು 2014ರಲ್ಲಿ ಆತನ ಪಕ್ಷಕ್ಕೆ ತೀರ್ಮಾನವಾಯಿತು. 2021ರ ಜೂನಿನಲ್ಲಿ ಅಮೆರಿಕಾದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳೂ ಏಕಕಂಠದಿಂದ ಸಂಘದ ವಿರುದ್ಧ ತೀರ್ಪಿತ್ತರು. ಅದೇ ವರ್ಷ ಜುಲೈ 1ರಿಂದ ಆಟಗಾರನು ತನ್ನ ಹೆಸರು, ಭಾವಚಿತ್ರ, ರೂಪಸಾದೃಶ್ಯಗಳನ್ನು ಜಾಹಿರಾತಿಗೆ ಕೊಟ್ಟು ಹಣ ಪಡೆಯಬಹುದೆಂದಾಯಿತು. ಕೊನೆಗೆ 2025ರ ಜೂನ್ 6ರಂದು ಇನ್ನೊಂದು ಮೊಕದ್ದಮೆಯ ರಾಜಿಯನ್ನು ನ್ಯಾಯಾಲಯವು ಒಪ್ಪಿಕೊಂಡಿತು. ಅದರಂತೆ ಮೊದಲ ವರ್ಷಕ್ಕೆ ಒಂದೊಂದು ಕಾಲೇಜೂ ತನ್ನ ಎಲ್ಲ ಆಟಗಳ ಆಟಗಾರರಿಗೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ, ಎಂದರೆ ನಮ್ಮ ಲೆಕ್ಕದಲ್ಲಿ 175 ಕೋಟಿ ರೂಪಾಯಿಗಳಷ್ಟನ್ನು, ತಾನೇ ನೇರವಾಗಿ ಹಂಚಬಹುದು.

ಹಣದ ಬಾಗಿಲು ತೆರೆಯುತ್ತಿದ್ದ ಸಮಯದಲ್ಲಿಯೇ ಊರಬಾಗಿಲೂ ತೆರೆಯಿತು. ಮೊದಲು ಒಂದು ಕಾಲೇಜನ್ನು ಬಿಟ್ಟು ಇನ್ನೊಂದಕ್ಕೆ ಹೋದ ಬ್ಯಾಸ್ಕೆಟ್‌ಬಾಲ್ ಆಟಗಾರನು ಹೊಸ ಕಾಲೇಜಿನಲ್ಲಿ ಒಂದು ವರ್ಷ ಪಂದ್ಯವಾಡದೆ ಕುಳಿತಿರಬೇಕಾಗಿತ್ತು. 2018ರ ಅಕ್ಟೋಬರಿನಲ್ಲಿ ವರ್ಗಾವಣೆಗೆ ಇಚ್ಛಿಸುವವರ ಹೆಸರುಗಳನ್ನು ದಾಖಲಿಸುವ ಒಂದು ಪಟ್ಟಿಯನ್ನು ಸಂಘವು ಏರ್ಪಡಿಸಿತು. ‘ಪೋರ್ಟಲ್’ ಎಂದು ಅದಕ್ಕೆ ಹೆಸರು, ಮಹಾದ್ವಾರವೆಂದು ಅರ್ಥ. ಹುಡುಗನು ಲಿಖಿತವಾಗಿ ತಿಳಿಸಿದ ಮೇಲೆ ಎರಡು ಕೆಲಸದ ದಿನಗಳೊಳಗೆ ಕಾಲೇಜಿನವರು ಅವನ ಹೆಸರನ್ನು ಅದರಲ್ಲಿ ಬರೆಯಲೇಬೇಕು. ಬರೆದೊಡನೆ ಉಳಿದ ಕಾಲೇಜುಗಳವರೆಲ್ಲ ಅವನೊಡನೆ ಮಾತನಾಡಬಹುದು. 2021ರಲ್ಲಿ ಒಂದು ಸಲ ಮಾತ್ರ ಕುಳಿತಿರದೆಯೇ ಹೋಗಬಹುದೆಂದರು. 2023ರ ಡಿಸೆಂಬರಿನಲ್ಲಿ ಕೆಲವು ಸಂಸ್ಥಾನಗಳು ನ್ಯಾಯಾಲಯಕ್ಕೆ ಹೋಗಿ ಆ ಮಿತಿಗೂ ತಡೆಯಾಜ್ಞೆ ತಂದವು. 2024ರ ಏಪ್ರಿಲಿನಲ್ಲಿ, ಓದಿನ ಅರ್ಹತೆ ಸರಿಯಾಗಿದ್ದರೆ ಎಷ್ಟು ಸಲವಾದರೂ ಹೋಗಬಹುದೆಂದು ಸಂಘವೇ ಶರಣಾಯಿತು.

ಹಣ ಒಂದು ಕೈಯಲ್ಲಿ, ಅನುಮತಿ ಇನ್ನೊಂದು ಕೈಯಲ್ಲಿ ಇರಲಾಗಿ ಮುಂದೇನಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. 2022ರ ಏಪ್ರಿಲಿನಲ್ಲಿ ನೈಜೆಲ್ ಪ್ಯಾಕ್ ಎಂಬ ಆಟಗಾರನು ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಬಿಟ್ಟು ಮಯಾಮಿಗೆ ಹೋಗುವನೆಂದೂ, ಎರಡು ವರ್ಷಗಳಿಗೆ 8 ಲಕ್ಷ ಡಾಲರುಗಳನ್ನೂ ಮೇಲೊಂದು ಮೋಟಾರುಗಾಡಿಯನ್ನೂ ಅವನಿಗೆ ಕೊಡುವುದಾಗಿಯೂ ಅಲ್ಲಿನ ವರ್ತಕನೊಬ್ಬನು ಬಹಿರಂಗವಾಗಿ ಸಾರಿದನು. ಮದುವೆಯ ವರೋಪಚಾರವನ್ನು ಚಪ್ಪರದಲ್ಲಿ ನಿಂತು ಕೂಗಿ ಹೇಳಿದ ಹಾಗಾಯಿತು! ಅದೇ ತಂಡದ ಇನ್ನೊಬ್ಬ ಆಟಗಾರನ ಪ್ರತಿನಿಧಿಯು, ಹೊಸಬನಿಗೆ ಅಷ್ಟಾದರೆ ನಮ್ಮ ಹುಡುಗನಿಗೂ ಹೆಚ್ಚಿಸಿರಿ, ಇಲ್ಲವಾದರೆ ಅವನೂ ಮಹಾದ್ವಾರದತ್ತ ನಡೆಯುವನು ಎಂದು ಕೂಡಲೇ ಪತ್ರಿಕೆಯವರಿಗೆ ಹೇಳಿದನು. ಆ ಹುಡುಗನು ಕೊನೆಗೆ ಅಲ್ಲಿಯೇ ಉಳಿದನು. ಮರುವರ್ಷ ಇಬ್ಬರೂ ಕೂಡಿ ಆಡಿ ಮಯಾಮಿಯನ್ನು ಕಡೆಯ ನಾಲ್ಕು ತಂಡಗಳವರೆಗೆ ಒಯ್ದರೆಂಬುದನ್ನೂ ಹೇಳುವುದು ನ್ಯಾಯ.

ನಾನು ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಿರುವುದು ಸೇಂಟ್ ಪೀಟರ್ಸ್ ಎಂಬ ಸಣ್ಣ ವಿದ್ಯಾಸಂಸ್ಥೆಯ ಸಂಗತಿಯನ್ನು. ನ್ಯೂಜರ್ಸಿ ಸಂಸ್ಥಾನದ ಜರ್ಸಿ ಸಿಟಿಯಲ್ಲಿ ಜೆಸೂಯಿಟ್ ಪಾದ್ರಿಗಳು ಸ್ಥಾಪಿಸಿದ ಕಾಲೇಜು ಅದು. ಮಾರ್ಚ್ ಪಂದ್ಯಾವಳಿಯಲ್ಲಿ ನಾಲ್ಕು ವಿಭಾಗಗಳು. ಒಂದೊಂದರಲ್ಲಿಯೂ ತಂಡಗಳಿಗೆ ಒಂದರಿಂದ ಹದಿನಾರರವರೆಗೆ ಸ್ಥಾನ ಕೊಡುವರು. 2022ರಲ್ಲಿ ಈ ಕಾಲೇಜಿಗೆ ದೊರೆತದ್ದು ಹದಿನೈದನೆಯ ಸ್ಥಾನ. ಮೊದಲ ಪಂದ್ಯದಲ್ಲಿಯೇ ಅದು ಎರಡನೆಯ ಸ್ಥಾನದ ಕೆಂಟಕಿಯನ್ನು, ಹೆಚ್ಚುವರಿ ಕಾಲದಲ್ಲಿ, 85–79ರಿಂದ ಸೋಲಿಸಿತು. ಬಳಿಕ ಮರೇ ಸ್ಟೇಟನ್ನು, ಅದರ ಬಳಿಕ ಪರ್ಡ್ಯೂವನ್ನು. ಹದಿನೈದನೆಯ ಸ್ಥಾನದ ತಂಡವೊಂದು ಕಡೆಯ ಎಂಟರೊಳಗೆ ನಿಂತದ್ದು ಅದೇ ಮೊದಲು. ಅಲ್ಲಿ ಉತ್ತರ ಕ್ಯಾರೊಲಿನಾದವರಿಗೆ ಸೋತಿತು. ಕಾಲೇಜಿನ ಹೆಸರನ್ನೇ ಕೇಳದಿದ್ದ ಜನ ಅದರ ಹುಡುಗರ ಮುಖಗಳನ್ನೂ, ಒಬ್ಬನ ಮೀಸೆಯನ್ನೂ ಗುರುತಿಸತೊಡಗಿದ್ದರು.

ಆಮೇಲೆ? ಸೋತ ಮೂರು ದಿನಗಳಲ್ಲಿ ತರಬೇತುದಾರನಾದ ಶಾಹೀನ್ ಹಾಲೊವೇ, ತಾನು ವಿದ್ಯಾರ್ಥಿಯಾಗಿ ಆಡಿದ್ದ ಸೀಟನ್ ಹಾಲ್ ವಿಶ್ವವಿದ್ಯಾನಿಲಯಕ್ಕೆ ಹೊರಟುಹೋದನು. ಹಿಂದೆಯೇ ಹುಡುಗರೂ ಚದರಿದರು. ಮೀಸೆಯ ಡಗ್ ಎಡರ್ಟ್ ಬ್ರಯಂಟಿಗೆ, ಡ್ಯಾರಿಲ್ ಬ್ಯಾಂಕ್ಸ್ ಸೇಂಟ್ ಬೊನವೆಂಚರಿಗೆ, ಮ್ಯಾಥ್ಯೂ ಲೀ ಮಿಸೌರಿ ಸ್ಟೇಟಿಗೆ, ಕೆ.ಸಿ. ಎನ್‌ಡೆಫೊ ತನ್ನ ಗುರುವಿನ ಬೆನ್ನ ಹಿಂದೆ ಸೀಟನ್ ಹಾಲಿಗೆ. ಇವರಲ್ಲಿ ತೀರ್ಥಕಾಕ ಯಾರು? ಗುರುವೇ ಮೊದಲು ಹಾರಿದ ಮೇಲೆ ಶಿಷ್ಯರನ್ನು ಆ ಪದದಿಂದ ಕರೆಯಲು ನನಗೆ ನಾಲಗೆ ಏಳದು. ಪತಂಜಲಿಯ ಕಾಲದಲ್ಲಿ ಗುರುಕುಲವೆಂದರೆ ಗುರುವಿನ ಮನೆ. ಮನೆಯೊಡೆಯನು ಮನೆ ಬಿಟ್ಟು ಹೆಚ್ಚು ದಕ್ಷಿಣೆ ಸಿಕ್ಕುವ ಊರಿಗೆ ಹೋದ ಪ್ರಸಂಗವನ್ನು ಭಾಷ್ಯವು ಊಹಿಸಿಲ್ಲ. ಸೇಂಟ್ ಪೀಟರ್ಸಿನಿಂದ ಸೋತ ಕೆಂಟಕಿಯ ತರಬೇತುದಾರ ಜಾನ್ ಕ್ಯಾಲಿಪರಿಯನ್ನು ನೋಡಿರಿ. 2019ರಲ್ಲಿ ‘ಆಜೀವ’ ಎಂದು ಹೆಸರಾದ ಕರಾರನ್ನು ಮಾಡಿಕೊಂಡಿದ್ದ ಆತನು 2024ರ ಏಪ್ರಿಲಿನಲ್ಲಿ ಆರ್ಕನ್ಸಾಸಿಗೆ ಹೋದನು. ಆಟಗಾರರಲ್ಲಿ ಕೆಲವರು ಜೊತೆಗೆ ನಡೆದರು. ದೊಡ್ಡವರಿಗೆ ಯಾವ ಕಾಲದಲ್ಲಿಯೂ ಒಂದು ವರ್ಷ ಕುಳಿತಿರಬೇಕೆಂಬ ನಿಯಮವಿರಲಿಲ್ಲ.

ಹುಡುಗರು ಹೋಗುವುದು ಹಣಕ್ಕಾಗಿ ಮಾತ್ರವೆಂದು ತಿಳಿಯುವುದೂ ತಪ್ಪು. ತಂಡದಲ್ಲಿ ಹದಿಮೂರು ಹದಿನೈದು ಜನ, ಅಂಕಣದಲ್ಲಿ ಐವರು. ಮಿಕ್ಕವರು ಬೆಂಚಿನ ಮೇಲೆ. ಕಾಲೇಜಿನ ಆಟಕ್ಕೆ ದೊರೆಯುವ ಕಾಲವೇ ನಾಲ್ಕು ವರ್ಷ; ಅದರಲ್ಲಿ ಎರಡನ್ನು ಬೆಂಚಿನ ಮೇಲೆ ಕಳೆದವನಿಗೆ ಬೇರೆ ಕಡೆ ಆಡುವ ಆಸೆ ಹುಟ್ಟಿದರೆ ಅದನ್ನು ಚಾಪಲ್ಯವೆನ್ನಲಾಗದು. ಸಣ್ಣ ಕಡೆ ಬೆಳೆದು ದೊಡ್ಡ ಕಡೆ ಹೋದವರ ಕಥೆಯೂ ಉಂಟು. 2025ರ ಏಪ್ರಿಲ್ 7ರಂದು ಹ್ಯೂಸ್ಟನ್ ತಂಡವನ್ನು 65–63ರಿಂದ ಸೋಲಿಸಿ ಪ್ರಶಸ್ತಿ ಪಡೆದ ಫ್ಲಾರಿಡಾ ತಂಡದ ಮುಖ್ಯ ಆಟಗಾರರೊಳಗೆ ವಾಲ್ಟರ್ ಕ್ಲೇಟನ್ ಐಯೋನಾದಿಂದ, ಅಲೈಜಾ ಮಾರ್ಟಿನ್ ಫ್ಲಾರಿಡಾ ಅಟ್ಲಾಂಟಿಕಿನಿಂದ, ವಿಲ್ ರಿಚರ್ಡ್ ಬೆಲ್ಮಾಂಟಿನಿಂದ ಬಂದವರು. ಹೆಣ್ಣುಮಕ್ಕಳ ಆಟದಲ್ಲಿಯೂ ಹೀಗೆಯೇ. ಮೇರಿಲ್ಯಾಂಡನ್ನು ಬಿಟ್ಟು 2022ರಲ್ಲಿ ಲೂಯಿಸಿಯಾನಾ ಸ್ಟೇಟಿಗೆ ಬಂದ ಏಂಜೆಲ್ ರೀಸ್ ಮರುವರ್ಷವೇ ಅವರಿಗೆ ಪ್ರಶಸ್ತಿಯನ್ನು ತಂದಳು. ಹೇಲಿ ವ್ಯಾನ್ ಲಿತ್ ಮೂರು ಕಾಲೇಜುಗಳಲ್ಲಿ ಆಡಿ ಮೂರನ್ನೂ ಕಡೆಯ ಎಂಟರವರೆಗೆ ಮುಟ್ಟಿಸಿದಳು. ಇಂಥವಳನ್ನು ಚಂಚಲೆಯೆನ್ನುವವರು ತಮ್ಮ ಮಗನು ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಾಯಿಸಿ ಸಂಬಳ ಹೆಚ್ಚಿಸಿಕೊಂಡುದನ್ನು ನೆಂಟರ ಮನೆಯಲ್ಲಿ ಹೇಗೆ ಹೇಳಿಕೊಳ್ಳುವರೆಂಬುದನ್ನು ಸ್ವಲ್ಪ ನೆನೆಯಲಿ.

ನನ್ನ ಮನಸ್ಸನ್ನು ಕೊರೆಯುವ ಸಂಗತಿ ಬೇರೆ. ಮುಖ್ಯೋಪಾಧ್ಯಾಯನಾಗಿ ನಾನು ನೂರಾರು ವರ್ಗಾವಣೆ ಪತ್ರಗಳಿಗೆ ರುಜು ಹಾಕಿರುವೆನು. ತಂದೆಗೆ ವರ್ಗವಾಯಿತು, ಅಜ್ಜಿಯ ಊರಿಗೆ ಹೋಗುವೆವು, ಹೀಗೆ ಕಾರಣಗಳು. ನಡುವರ್ಷದಲ್ಲಿ ಬಂದ ಹುಡುಗನಿಗೆ ಅಲ್ಲಿ ಮುಗಿದ ಪಾಠ ಇಲ್ಲಿ ಆಗಿಲ್ಲ, ಇಲ್ಲಿ ಮುಗಿದದ್ದು ಅಲ್ಲಿ ಆಗಿರಲಿಲ್ಲ. ಭಿನ್ನರಾಶಿಯನ್ನು ಎರಡು ಸಲ ಓದಿ ದಶಾಂಶವನ್ನು ಒಂದು ಸಲವೂ ಓದದೆ ದಾಟಿದವರನ್ನು ಕಂಡಿದ್ದೇನೆ. ಅಮೆರಿಕಾದ ಕಾಲೇಜುಗಳಲ್ಲಿ ವ್ಯಾಸಂಗವನ್ನು ಕ್ರೆಡಿಟ್ಟುಗಳೆಂಬ ಅಳತೆಯಿಂದ ಎಣಿಸುವರು. ಒಂದು ಕಾಲೇಜಿನ ಕ್ರೆಡಿಟ್ಟುಗಳನ್ನೆಲ್ಲ ಇನ್ನೊಂದು ತನ್ನ ಪದವಿಗೆ ಸೇರಿಸಿಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಆಡುವ ಅರ್ಹತೆ ಉಳಿಯಬೇಕಾದರೆ ಮೂರನೆಯ ವರ್ಷದ ಆರಂಭಕ್ಕೆ ಪದವಿಯ ನೂರಕ್ಕೆ 40 ಭಾಗ, ನಾಲ್ಕನೆಯದಕ್ಕೆ 60 ಭಾಗ ಮುಗಿದಿರಬೇಕೆಂಬುದು ಸಂಘದಲ್ಲಿ ಬಹುಕಾಲ ನಡೆದುಬಂದ ನಿಯಮ. ಹೀಗಾಗಿ ಹೊಸ ಕಾಲೇಜಿಗೆ ಬಂದ ಹುಡುಗನು ತನಗೆ ಇಷ್ಟವಾದ ವಿಷಯವನ್ನು ಬಿಟ್ಟು, ಹಳೆಯ ಕ್ರೆಡಿಟ್ಟುಗಳು ಯಾವುದರೊಳಕ್ಕೆ ಹೊಂದುವುವೋ ಆ ವಿಷಯವನ್ನೇ ಓದಬೇಕಾಗುವುದು. ಮೂರು ಕಾಲೇಜು, ನಾಲ್ಕು ಕಾಲೇಜು ಸುತ್ತಿದವನ ಓದು ಏನಾಗುವುದೆಂಬುದನ್ನು ಪೋಷಕರೇ ಊಹಿಸಿಕೊಳ್ಳಬಹುದು.

ಮಹಾದ್ವಾರವನ್ನು ದಾಟಿ ಹೊರಬಂದವರಿಗೆಲ್ಲ ಎದುರಿಗೆ ಇನ್ನೊಂದು ಮನೆಯ ಬಾಗಿಲು ತೆರೆದಿರುವುದೂ ಇಲ್ಲ. 2025ರ ವಸಂತದಲ್ಲಿ ಮೊದಲ ದರ್ಜೆಯ ಗಂಡಸರ ಬ್ಯಾಸ್ಕೆಟ್‌ಬಾಲಿನಲ್ಲಿಯೇ ಎರಡು ಸಾವಿರಕ್ಕೂ ಮಿಕ್ಕಿ ಹುಡುಗರು ಹೆಸರು ಬರೆಯಿಸಿದರು. ಇರುವ ತಂಡಗಳು ಮುನ್ನೂರ ಅರುವತ್ತಕ್ಕೆ ತುಸು ಹೆಚ್ಚು. ಹೆಸರು ಬರೆಯಿಸಿದವನ ವಿದ್ಯಾರ್ಥಿವೇತನವನ್ನು ಆ ಅವಧಿ ಮುಗಿದೊಡನೆ ನಿಲ್ಲಿಸುವ ಅಧಿಕಾರ ಹಳೆಯ ಕಾಲೇಜಿಗೆ ಉಂಟು. ಲಕ್ಷ ಡಾಲರುಗಳ ಸುದ್ದಿ ಪತ್ರಿಕೆಗಳಲ್ಲಿ ಬರುವುದು. ಅತ್ತ ವೇತನವೂ ಹೋಗಿ ಇತ್ತ ಕರೆಯೂ ಬಾರದೆ, ತ್ರಿಶಂಕುವಿನಂತೆ ನಡುವೆ ತೂಗಾಡಿ, ಕೊನೆಗೆ ಕೆಳದರ್ಜೆಯ ಕಾಲೇಜನ್ನು ಹುಡುಕಿಕೊಂಡ ಇಪ್ಪತ್ತು ವರ್ಷದ ಹುಡುಗನ ಸುದ್ದಿ ಯಾವ ಪತ್ರಿಕೆಯಲ್ಲಿಯೂ ಬಾರದು. ಅವನ ತಾಯಿಗೆ ಮಾತ್ರ ತಿಳಿದಿರುವುದು.

ಕದಲದೆ ನಿಂತವರೂ ಇದ್ದಾರೆ. ಪರ್ಡ್ಯೂ ವಿಶ್ವವಿದ್ಯಾನಿಲಯದ ಬ್ರೇಡನ್ ಸ್ಮಿತ್, ಫ್ಲೆಚರ್ ಲಾಯರ್ ಮೊದಲಾದವರು ಸೇರಿದಲ್ಲಿಯೇ ನಾಲ್ಕು ವರ್ಷಗಳನ್ನೂ ಕಳೆದರು. ಅವರಿಗಿಂತ ಮುಂಚೆ ಅದೇ ತಂಡದಲ್ಲಿದ್ದ ಜ್ಯಾಕ್ ಈಡಿಯೂ ಹಾಗೆಯೇ. ಏಳು ಅಡಿ ನಾಲ್ಕು ಅಂಗುಲ ಎತ್ತರದ ಆತನು ಕೆನಡಾದವನು. ಪರದೇಶದ ವಿದ್ಯಾರ್ಥಿಯಾದುದರಿಂದ ವೀಸಾದ ನಿಬಂಧನೆಗಳು ಅಡ್ಡಬಂದು, ಜೊತೆಯವರಂತೆ ಅಮೆರಿಕಾದ ನೆಲದಲ್ಲಿ ಜಾಹಿರಾತಿನ ಕೆಲಸ ಮಾಡಿ ಹಣ ಗಳಿಸುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಮಕ್ಕಳನ್ನು ಆ ದೇಶಕ್ಕೆ ಓದಲು ಕಳುಹಿಸಿರುವ ನಮ್ಮ ಕಡೆಯ ತಂದೆತಾಯಿಗಳಿಗೆ ಆ ವೀಸಾದ ಕಟ್ಟುಪಾಡುಗಳನ್ನು ನಾನು ವಿವರಿಸಬೇಕಾದುದಿಲ್ಲ. ದೇಶದ ಶ್ರೇಷ್ಠ ಆಟಗಾರನೆಂದು 2023ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಎನಿಸಿಕೊಂಡು, ಪರ್ಡ್ಯೂವನ್ನು ಕಡೆಯ ಪಂದ್ಯದವರೆಗೆ ತಂದು, ಕನೆಕ್ಟಿಕಟ್ಟಿಗೆ 75–60ರಿಂದ ಸೋತು, ಅದೇ ಜೂನಿನಲ್ಲಿ ಆತನು ವೃತ್ತಿಪರ ಆಟಗಾರನಾಗಿ ಮೆಂಫಿಸ್ ತಂಡವನ್ನು ಸೇರಿದನು.