ಹೆಸರಿನ ಕೆಳಗೆ ಎರಡು ಸಾಲು ಬರೆಸಿ



ಮೇಲ್ಸೇತುವೆಯ ಕಂಬ ಏಳುವ ಮೊದಲೇ ಹೆಸರಿನ ಜಗಳ ಶುರುವಾಗುತ್ತದೆ. ಗೆಲ್ಲುವುದು ಬಹುಪಾಲು ರಾಜಕಾರಣಿಗಳ ಹೆಸರೇ. ಇದೇನೂ ಹೊಸ ಚಾಳಿಯಲ್ಲ ಬಿಡಿ. ಶ್ರೀರಂಗಪಟ್ಟಣದಲ್ಲಿ 1804ರಲ್ಲಿ ಕಾವೇರಿಗೆ ಕಲ್ಲುಕಂಬದ ಸೇತುವೆ ಕಟ್ಟಿಸಿದವರು ದಿವಾನ್ ಪೂರ್ಣಯ್ಯ. ಅದಕ್ಕಿಟ್ಟ ಹೆಸರು ಗವರ್ನರ್ ಜನರಲ್ ವೆಲ್ಲೆಸ್ಲಿಯದು!

ಈ ವಿಷಯದಲ್ಲಿ ಬೆಂಗಳೂರಿನ ಹಳಬರೇ ವಾಸಿ. ಮೆಜೆಸ್ಟಿಕ್ ಬಳಿಯ ರಸ್ತೆಗೆ ಗುಬ್ಬಿ ತೋಟದಪ್ಪನವರ ಹೆಸರಿದೆ. ವ್ಯಾಪಾರದಲ್ಲಿ ಗಳಿಸಿದ್ದನ್ನು ಅವರು ರೈಲು ನಿಲ್ದಾಣದ ಎದುರಿನ ಛತ್ರಕ್ಕೆ, ಬಡ ಹುಡುಗರ ವಿದ್ಯಾರ್ಥಿನಿಲಯಕ್ಕೆ ಕೊಟ್ಟರು. ಆ ದಾರಿಯಲ್ಲಿ ಬ್ಯಾಗು ಎಳೆದುಕೊಂಡು ಓಡುವ ಎಷ್ಟು ಜನರಿಗೆ ಇದು ಗೊತ್ತು? ಎಸ್‌.ಪಿ. ರೋಡಿನಲ್ಲಿ ಕಂಪ್ಯೂಟರ್ ಬಿಡಿಭಾಗಕ್ಕೆ ಚೌಕಾಸಿ ಮಾಡುವವರಿಗೆ ಆ 'ಪಿ' ಪತ್ರಪ್ಪನವರದೆಂದು ಯಾರು ಹೇಳಬೇಕು? ಪೊಲೀಸ್ ಎಸ್‌ಪಿ ಎಂದುಕೊಂಡವರೂ ಇರಬಹುದು.

ಪಾಲಿಕೆಗೆ ನನ್ನ ಮನವಿ ಇಷ್ಟೇ. ನಾಮಫಲಕದಲ್ಲಿ ಪೂರ್ತಿ ಹೆಸರು ಬರೆಸಿ, ಕೆಳಗೆ ಅವರು ಯಾರು, ಊರಿಗೆ ಏನು ಮಾಡಿದರು ಎಂದು ಎರಡು ಸಾಲು ಸೇರಿಸಲಿ. ಹಳೆ ಮದ್ರಾಸ್ ರಸ್ತೆಯಲ್ಲಿ ಹೋಗುವವರಿಗೆ, ಪಕ್ಕದ ಕೆರೆಯನ್ನು ಎಲೆ ಮಲ್ಲಪ್ಪ ಶೆಟ್ಟರು ವೀಳ್ಯದೆಲೆ ಮಾರಿದ ದುಡ್ಡಿನಲ್ಲಿ ಕಟ್ಟಿಸಿದರೆಂದು ತಿಳಿಯಲಿ. ಹೊಸ ಹೆಸರಿಡುವಾಗ ಬಡಾವಣೆಯ ಹಿರಿಯರನ್ನೂ ಕೇಳಲಿ. ಊರಿಗೆ ಶಾಲೆ ಕಟ್ಟಲು ಜಾಗ ಬಿಟ್ಟುಕೊಟ್ಟವರು, ನಾಲ್ಕಾಣೆ ಫೀಸಿಗೆ ಔಷಧಿ ಕೊಟ್ಟ ಡಾಕ್ಟರು ಯಾರೆಂದು ಅವರಿಗೆ ಗೊತ್ತಿರುತ್ತದೆ. ಸದ್ಯಕ್ಕೆ, ಇರುವ ಫಲಕಗಳ ಮೇಲೆ ಅಂಟಿಸಿರುವ ಪಿ.ಜಿ. ಜಾಹೀರಾತುಗಳನ್ನಾದರೂ ಕಿತ್ತು ಹಾಕಿಸಲಿ.

– ಓದುಗ, ಬಸವನಗುಡಿ, ಬೆಂಗಳೂರು