ಮೊದಲನೆಯ ಕೋವಿ ಯಾವದಿರಬೇಕು?

ಕೋವಿಯು ಕನ್ನಡನಾಡಿಗೆ ಹೊಸ ವಸ್ತುವಲ್ಲ. ಆದರೆ ಕೋವಿಯನ್ನು ಆರಿಸಿಕೊಳ್ಳುವ ವಿವೇಕವು ನಮ್ಮ ತರುಣರಲ್ಲಿ ಇನ್ನೂ ಬಲಿಯಬೇಕಾಗಿದೆ. ಮಲೆನಾಡಿನಲ್ಲಾಗಲಿ ಕೊಡಗಿನಲ್ಲಾಗಲಿ ಒಬ್ಬ ತರುಣನು ಮೊದಲ ಸಲ ಆಯುಧವನ್ನು ಕೊಳ್ಳಹೊರಟನೆಂದರೆ, "ಕಡಿಮೆ ಬೆಲೆಯಲ್ಲಿ ಒಳ್ಳೆಯ ಬೇಟೆಯ ರೈಫಲ್ಲು ಯಾವದು? ಅದು ಎಷ್ಟು ಬೋರಿನದಿರಬೇಕು?" ಎಂದೇ ಕೇಳುವನು. ಪ್ರಶ್ನೆಯು ಅಂಗಡಿಯ ಮಾತಿನಂತೆ ತೋರಿದರೂ ಅದರೊಳಗೆ ನಾಡಿನ ಹಕ್ಕೊಂದು ಅಡಗಿದೆ; ನೆರೆಯವನ ಪ್ರಾಣವೂ ಅಡಗಿದೆ. ಆದುದರಿಂದಲೇ ಈ ವಾರ ನಾವು ಇದನ್ನು ವಿಚಾರಕ್ಕೆ ಎತ್ತಿಕೊಂಡಿರುವೆವು.

ಮೊದಲು ಹಿಂದಿನದನ್ನು ಸ್ವಲ್ಪ ನೆನೆಯೋಣ. 1857ರಲ್ಲಿ ಆಂಗ್ಲ ಸರಕಾರವು ನಿಃಶಸ್ತ್ರೀಕರಣದ ಕಾಯಿದೆಯನ್ನು ಹೊರಡಿಸಿದಾಗ, ಅಂದು ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲೊಲ್ಲೆವೆಂದರು. ಆ ವರ್ಷದ ನವೆಂಬರ ತಿಂಗಳ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಅನೇಕರನ್ನು ಗಲ್ಲಿಗೇರಿಸಿದರು. ಆ ಕಥೆಯನ್ನು ಲಾವಣಿಕಾರರು ಇಂದಿಗೂ ಹಾಡುವರು. ಇದಾಗಿ ನಾಲ್ಕು ವರ್ಷಗಳೊಳಗೆ, 1861ರಲ್ಲಿ, ಅದೇ ಸರಕಾರವು ಮಾರ್ಕ್ ಕಬ್ಬನ್ನರ ಕಾಲದಲ್ಲಿ ಕೊಡಗಿನವರಿಗೆ ಆ ಕಾಯಿದೆಯಿಂದ ವಿನಾಯಿತಿಯನ್ನು ಕೊಟ್ಟಿತು. ಒಂದೇ ಕರ್ನಾಟಕದ ಒಂದು ಮೂಲೆಯಲ್ಲಿ ಕೋವಿಗಾಗಿ ನೇಣು, ಇನ್ನೊಂದು ಮೂಲೆಯಲ್ಲಿ ಕೋವಿಗೆ ಮನ್ನಣೆ! ನಾಡು ಹೋಳುಹೋಳಾಗಿದ್ದ ಕಾಲದ ಭೇದಗಳು 1956ರ ಏಕೀಕರಣದಿಂದ ಎಷ್ಟೋ ಅಳಿದವು, ಇದೊಂದು ಉಳಿಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಇನ್ನು ಹತ್ತು ವರ್ಷ, ಎಂದರೆ 2029ರ ವರೆಗೆ, ಮುಂದುವರಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಇದಕ್ಕಾಗಿ ನಾವು ಕರುಬುವವರಲ್ಲ. ಕೈಲ್ ಪೊಳ್ದಿನ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವ ಜನರಲ್ಲಿ ಆಯುಧದ ಬಗ್ಗೆ ಇರುವ ಭಕ್ತಿಯು ಉಳಿದ ಕನ್ನಡಿಗರಿಗೂ ಬರಲೆಂದೇ ನಮ್ಮ ಬಯಕೆ. ಭಕ್ತಿಯಿದ್ದಲ್ಲಿ ಹುಡುಗಾಟವಿರುವದಿಲ್ಲ.

ಇನ್ನು ಪ್ರಶ್ನೆಯನ್ನೇ ನೋಡೋಣ. "ಬೇಟೆಯ ರೈಫಲ್ಲು" ಎಂಬ ಮಾತಿನಲ್ಲಿಯೇ ಮೊದಲ ತಪ್ಪು ಇರುವದು. 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯು ನಮ್ಮ ದೇಶದಲ್ಲಿ ವಿನೋದದ ಬೇಟೆಯನ್ನು ಮುಗಿಸಿಬಿಟ್ಟಿತು. ಮನುಷ್ಯನ ಪ್ರಾಣಕ್ಕೋ ಬೆಳೆಗೋ ಹಾನಿಮಾಡುವ ಮೃಗವನ್ನು ಸಹ ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಕೊಲ್ಲಕೂಡದು; ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಹೊಡೆದ ಪ್ರಸಂಗವೊಂದೇ ಇದಕ್ಕೆ ಹೊರತು. ಅಪರಾಧ ಸಿದ್ಧವಾದರೆ ಸೆರೆಮನೆಯಲ್ಲದೆ, ಆ ಕೋವಿಯ ಲೈಸೆನ್ಸನ್ನು ರದ್ದುಮಾಡಿ ಐದು ವರ್ಷ ಮತ್ತೆ ಲೈಸೆನ್ಸು ದೊರೆಯದಂತೆ ಮಾಡುವ ಅಧಿಕಾರವೂ ನ್ಯಾಯಾಲಯಕ್ಕೆ ಉಂಟು. ಕೊಡಗಿನ ವಿನಾಯಿತಿಯು ಕೋವಿಯನ್ನು ಇಟ್ಟುಕೊಳ್ಳುವದಕ್ಕೆ ಮಾತ್ರ; ಮೃಗವನ್ನು ಕೊಲ್ಲುವದಕ್ಕಲ್ಲ. ಹೀಗಿದ್ದ ಮೇಲೆ "ಯಾವ ಬೇಟೆಗೆ ಯಾವ ಬೋರು?" ಎಂದು ಕೇಳುವ ಬದಲು, "ನನ್ನ ಹೊಲಕ್ಕೆ, ನನ್ನ ಮನೆಗೆ, ನನ್ನ ಅಭ್ಯಾಸಕ್ಕೆ ಯಾವದು ಸಾಕು?" ಎಂದು ಕೇಳುವದೇ ಸರಿ.

ಈ ಪ್ರಶ್ನೆಗೆ 1959ರ ಆಯುಧ ಕಾಯಿದೆಯೇ ಅರ್ಧ ಉತ್ತರವನ್ನು ಕೊಟ್ಟಿರುವದು. ಅದರ 13ನೆಯ ಕಲಮಿನಲ್ಲಿ ಮೂರು ಮೆಟ್ಟಲುಗಳಿವೆ. ಬೆಳೆಯ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ಅಥವಾ ಆತ್ಮರಕ್ಷಣೆಗೆ, 20 ಅಂಗುಲಕ್ಕೆ ಕಡಿಮೆಯಲ್ಲದ ನಳಿಕೆಯುಳ್ಳ ನುಣ್ಣನೆಯ ನಳಿಕೆಯ ಕೋವಿ. ಮಾನ್ಯತೆ ಪಡೆದ ರೈಫಲ್ ಸಂಘದ ಸದಸ್ಯನಿಗೆ ಗುರಿಯ ಅಭ್ಯಾಸಕ್ಕಾಗಿ.22ರ ರೈಫಲ್ಲು. ಇವಕ್ಕಿಂತ ಹೆಚ್ಚಿನದನ್ನು ಬೇಡುವವನು ತಕ್ಕ ಕಾರಣವನ್ನು ತೋರಿಸಬೇಕು. ಕಾಯಿದೆಯನ್ನು ಬರೆದವರ ಮನಸ್ಸಿನಲ್ಲಿ ಮೊದಲನೆಯ ಕೋವಿ ಯಾವದೆಂಬದು ಇದರಿಂದ ಸ್ಪಷ್ಟವಾಗುವದು.

ಬೋರು ಎಂಬ ಮಾತನ್ನು ಬಿಡಿಸಿ ಹೇಳುವದು ಅವಶ್ಯ. ಒಂದು ಪೌಂಡು ಸೀಸವನ್ನು ಸಮನಾದ 12 ಗುಂಡುಗಳಾಗಿ ಎರೆದರೆ, ಅದರಲ್ಲಿ ಒಂದು ಗುಂಡು ಹಿಡಿಸುವ ನಳಿಕೆಯೇ 12 ಬೋರು. ಅದರ ಒಳ ಅಗಲವು ಸುಮಾರು 18.5 ಮಿಲಿಮೀಟರು. ಆದುದರಿಂದ ಅಂಕಿ ಹೆಚ್ಚಿದಂತೆ ನಳಿಕೆಯು ಕಿರಿದಾಗುವದು. 16 ಬೋರು 12ಕ್ಕಿಂತ ಚಿಕ್ಕದು. ರೈಫಲ್ಲಿನ ಲೆಕ್ಕವು ಬೇರೆ. ಅಲ್ಲಿ .22, .315 ಎಂಬವು ಅಂಗುಲದ ಅಳತೆಗಳು. ಮೊದಲನೆಯದು ಸುಮಾರು 5.6 ಮಿಲಿಮೀಟರು, ಎರಡನೆಯದು 8. ಅಂಕಿ ಹೆಚ್ಚಿದರೆ ಗುಂಡೂ ದಪ್ಪ. ಈ ಎರಡು ಲೆಕ್ಕಗಳನ್ನು ಬೆರೆಸಿಕೊಂಡು ಮೋಸಹೋಗುವವರು ಕೆಲವರುಂಟು.

ರೈಫಲ್ಲುಗಳಲ್ಲಿ ನಮ್ಮವರಿಗೆ ಸುಲಭವಾಗಿ ಎಟಕುವದು ಇಷಾಪುರದ ಕಾರ್ಖಾನೆಯ .315. ಇದರ ಹುಟ್ಟಿನಲ್ಲಿಯೂ ದಾಸ್ಯದ ಗುರುತುಂಟು. ಸೈನ್ಯದ .303 ಗುಂಡುಗಳು ಪ್ರಜೆಗಳ ಕೈಗೆ ಸಿಕ್ಕಬಾರದೆಂದು, ಅವು ಹಿಡಿಸದ ಬೇರೊಂದು ಅಳತೆಯನ್ನು ಅಂದಿನ ಸರಕಾರವು ಪ್ರಜೆಗಳಿಗಾಗಿ ಬಿಟ್ಟಿತು. ಇದರ ಗುಂಡು ಸುಮಾರು 244 ಗ್ರೇನು, ಎಂದರೆ 16 ಗ್ರಾಮಿನಷ್ಟು ತೂಗುವದು; .22ರ ಗುಂಡು 40 ಗ್ರೇನು ಮಾತ್ರ. ಆದರೆ ಆ ಸಣ್ಣ .22 ಕೂಡ ಒಂದೂವರೆ ಮೈಲಿಯ ವರೆಗೆ ಹೋಗಬಲ್ಲದು. .315, .30-06 ಮುಂತಾದವು ಇನ್ನೂ ದೂರ ಹೋಗುವವು. ಕಾಫಿಯ ತೋಟದಲ್ಲಿ ಹತ್ತು ಮಾರಿನಾಚೆ ಗಿಡದ ಮರೆಯಲ್ಲಿ ಆಳು ಇರಬಹುದು. ಗುಡ್ಡದಾಚೆ ಲೈನು ಮನೆಗಳಿರಬಹುದು. ಕಾಲುದಾರಿಯಲ್ಲಿ ಶಾಲೆಯ ಮಕ್ಕಳು ಬರುತ್ತಿರಬಹುದು. ಗುರಿ ತಪ್ಪಿದ ಗುಂಡು ಇವರನ್ನು ಕೇಳಿ ಹೋಗುವದಿಲ್ಲ. 12 ಬೋರಿನ ಚರೆಯಾದರೆ ನಲವತ್ತು ಗಜದೊಳಗೆ ಕೆಲಸಮಾಡುವದು. ಸಣ್ಣ ಚರೆಯು ಮುನ್ನೂರು ಗಜದೊಳಗೆ ಬಿದ್ದುಹೋಗುವದು. ಒಂಟಿ ಗುಂಡನ್ನೋ ದಪ್ಪ ಚರೆಯನ್ನೋ ಹಾಕಿದಾಗ ದೂರ ಹೆಚ್ಚುವದೆಂಬದನ್ನು ಮಾತ್ರ ಮರೆಯಬಾರದು. ಕಾಡುಹಂದಿಯೆಂದು ಭ್ರಮಿಸಿ ಮನುಷ್ಯನಿಗೆ ಹೊಡೆದ ವಾರ್ತೆಗಳನ್ನು ಓದಿದ ನಮ್ಮ ವಾಚಕರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

"ದೊಡ್ಡ ಬೋರಿದ್ದರೇ ಗಂಡಸುತನ" ಎಂಬ ಭ್ರಮೆಯು ಕಾಡಿನ ಕಥೆಗಳನ್ನೋದುವ ಹುಡುಗರಲ್ಲಿ ಬಲವಾಗಿದೆ. ಬೆಂಗಳೂರಿನ ಕೆನೆತ್ ಆಂಡರ್ಸನ್ನರು .405 ವಿಂಚೆಸ್ಟರನ್ನು ಹಿಡಿದು ನರಭಕ್ಷಕಗಳ ಬೆನ್ನುಹತ್ತಿದ್ದು ನಿಜ. ಆದರೆ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ 1907ರಲ್ಲಿ ಕಾರ್ಬೆಟ್ಟರಿಗೆ ಕಾಣಿಕೆಯಾಗಿ ಬಂದ, ಅವರು ಬಹುವಾಗಿ ಮೆಚ್ಚಿದ ರಿಗ್ಬಿ ರೈಫಲ್ಲು .275, ಎಂದರೆ ಬರಿಯ 7 ಮಿಲಿಮೀಟರಿನದು. ಬೋರಿನ ಗಾತ್ರಕ್ಕಿಂತ ಕೈಯ ಸ್ಥಿರತೆಯೂ, ಹೊಡೆಯದೆ ಬಿಡಬಲ್ಲ ಮನಸ್ಸಿನ ಸ್ಥಿರತೆಯೂ ದೊಡ್ಡವು. ಅವನ್ನು ಯಾವ ಅಂಗಡಿಯಲ್ಲಿಯೂ ಮಾರುವದಿಲ್ಲ.

"ಹಂದಿಗಳು ಒಂದು ರಾತ್ರಿಯಲ್ಲಿ ಗದ್ದೆಯನ್ನು ಉತ್ತುಹಾಕುವವು, ನೀವು ಪಟ್ಟಣದಲ್ಲಿ ಕುಳಿತು ಉಪದೇಶ ಮಾಡುವಿರಿ" ಎಂದು ರೈತನು ಸಿಟ್ಟಾಗಬಹುದು. ಅವನ ಸಿಟ್ಟು ನ್ಯಾಯವಾದದ್ದು. ಆದರೆ ಅವನ ಕಷ್ಟಕ್ಕೆ ದೊಡ್ಡ ರೈಫಲ್ಲು ಪರಿಹಾರವಲ್ಲ. ಅಪ್ಪಣೆಯು ಬೆಳೆ ಹೋದ ಮೇಲೆ ಬಂದರೆ, ಪರಿಹಾರದ ಹಣವು ಮುಂದಿನ ಬಿತ್ತನೆ ಮುಗಿದ ಮೇಲೆ ಬಂದರೆ, ಕೋವಿ ಎಂಥದಿದ್ದರೇನು? ಕಾಯಿದೆಯು ಕೊಟ್ಟ ಮಾರ್ಗವನ್ನು ಕಚೇರಿಗಳು ತೆರೆದಿಡದಿದ್ದರೆ ರೈತನು ಕಳ್ಳತನದ ನಾಡಕೋವಿಯ ಕಡೆಗೆ ತಿರುಗುವನು. ಮುಂದೆ ಅವನಿಗೆ ಸೆರೆಮನೆಯೇ ಗತಿಯಾಗುವದು. ಈ ದೋಷವನ್ನು ಸರಕಾರವು ತಿದ್ದಲೇಬೇಕೆಂದು ನಾವು ಒತ್ತಿ ಹೇಳುವೆವು.

ಹಾಗಾದರೆ ನಮ್ಮ ಸಲಹೆಯೇನು? ಹೊಲ ತೋಟಗಳುಳ್ಳವನಿಗೆ ಮೊದಲನೆಯದಾಗಿ ಒಂಟಿ ನಳಿಕೆಯ 12 ಬೋರಿನ ತೋಟಾ ಕೋವಿ ಸಾಕು. ಅದರ ಬೆಲೆಯೂ ಮಿತ, ರಿಪೇರಿಯೂ ಸುಲಭ. ಗಾಳಿಯಲ್ಲಿ ಹಾರಿಸಿದ ಸಪ್ಪಳಕ್ಕೇ ಎಷ್ಟೋ ಪ್ರಾಣಿಗಳು ಓಡುವವು. ಗುರಿಯ ಅಭ್ಯಾಸದ ಅಭಿರುಚಿಯುಳ್ಳವನು ಸಂಘವೊಂದನ್ನು ಸೇರಿ .22ರಿಂದ ಆರಂಭಿಸಲಿ. ಕೊಡಗಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಗಳು ಹಬ್ಬದ ಅಂಗವೇ ಆಗಿವೆ. ಪ್ರಾಣಿಹಿಂಸೆಯಿಲ್ಲದೆ ಕೈಯ ಕಸುಬನ್ನು ಮೆರೆಸಲು ಅದಕ್ಕಿಂತ ಒಳ್ಳೆಯ ಕಣ ಬೇಕೆ? .315 ಬೇಕೆಂಬವನು ಒಂದೊಂದು ತೋಟೆಗೂ .22ರ ಹಲವು ಪಟ್ಟು ಹಣ ತೆರಬೇಕೆಂಬದನ್ನು ಮೊದಲೇ ಲೆಕ್ಕಹಾಕಲಿ. ತೋಟೆ ದುಬಾರಿಯಾದರೆ ಅಭ್ಯಾಸ ನಿಲ್ಲುವದು. ಅಭ್ಯಾಸವಿಲ್ಲದವನ ಕೈಯ ರೈಫಲ್ಲು ಅಪಾಯದ ಮೂಲ. ಹಳೆಯ ಕೋವಿಯನ್ನು ಕೊಳ್ಳುವವನು ನಳಿಕೆಯೊಳಗೆ ತುಕ್ಕಿನ ಕುಳಿಗಳಿಲ್ಲವೆಂದೂ, ಮುಚ್ಚುವ ಕೀಲು ಸಡಿಲವಾಗಿಲ್ಲವೆಂದೂ, ನಂಬರು ಕಾಗದಪತ್ರಗಳೊಡನೆ ಸರಿಹೊಂದುವದೆಂದೂ ಬಲ್ಲವರಿಂದ ನೋಡಿಸಲಿ. ಬೀಗವುಳ್ಳ ಪೆಟ್ಟಿಗೆಯ ಬೆಲೆಯನ್ನೂ ಕೋವಿಯ ಬೆಲೆಯಲ್ಲಿಯೇ ಸೇರಿಸಲಿ.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಹಲಗಲಿಯ ಕಥೆಯನ್ನು ಮಕ್ಕಳಿಗೆ ಹೇಳುವಾಗ ಶೌರ್ಯದ ಜೊತೆಗೆ ಹೊಣೆಯನ್ನೂ ಹೇಳಿರಿ. ಒಬ್ಬನ ಹುಡುಗಾಟದಿಂದ ಒಂದು ಪ್ರಾಣ ಹೋದರೆ, ನಾಳೆ ಇಡೀ ನಾಡಿನ ಹಕ್ಕನ್ನು ಪ್ರಶ್ನಿಸುವವರಿಗೆ ಅದೇ ಸಾಕ್ಷಿಯಾಗುವದು. ಹಲಗಲಿಯವರು ಪ್ರಾಣ ಕೊಟ್ಟೂ ಉಳಿಸಿಕೊಳ್ಳಲಾರದೆ ಹೋದದ್ದನ್ನು ನಾವು ಅವಿವೇಕದಿಂದ ಕಳೆದುಕೊಳ್ಳದಿರೋಣ.